ಹೆಡ್ಡಿಂಗಿನಲ್ಲಿ ‘ರೇಸ್’ ಅಂತ ಹಾಕಿದ ಆ ಭಾನುವಾರ

ಶಿವಮೊಗ್ಗದ ಒಂದು ಪತ್ರಿಕೆಯ ಡೆಸ್ಕಿನಲ್ಲಿ 16 ವರ್ಷದಿಂದ ಇದ್ದೇನೆ. ತಾಲ್ಲೂಕುಗಳಿಂದ ಬರುವ ಸುದ್ದಿ ತಿದ್ದುವುದು, ಹೆಡ್ಡಿಂಗ್ ಕೊಡುವುದು, ರಾತ್ರಿ ಪೇಜ್ ಬಿಡುವುದು ನನ್ನ ಕೆಲಸ. 2019ರ ಮಳೆಗಾಲದಲ್ಲಿ ನಾನು ಕೊಟ್ಟ ಒಂದು ಹೆಡ್ಡಿಂಗ್ ಈಗಲೂ ನೆನಪಾಗುತ್ತದೆ.

ಭಾನುವಾರ ಸಂಜೆ ಏಳರ ಹೊತ್ತಿಗೆ ನಮ್ಮ ವರದಿಗಾರ ಒಂದು ಫೋಟೊ ಕಳಿಸಿದ. ಆಗುಂಬೆ ಘಾಟಿಯ ಒಂದು ತಿರುವು. ಸುತ್ತ ಮಂಜು. ಅಡ್ಡ ಬಿದ್ದ ಬೈಕು, ಕಟ್ಟೆಗೆ ಒರಗಿಸಿ ಕೂರಿಸಿದ ಹುಡುಗ. ಹಿಂದೆ ಸಾಲಾಗಿ ಏಳೆಂಟು ದೊಡ್ಡ ಬೈಕು, ಕರಿ ಜಾಕೆಟ್ಟಿನ ಸವಾರರು. ಜೊತೆಗೆ ನಾಲ್ಕು ಸಾಲು: ಬೈಕಿನವರು ಘಾಟಿಯಲ್ಲಿ ರೇಸ್ ಬಿಡುತ್ತಿದ್ದರು, ಒಬ್ಬನ ತೊಡೆ ಮೂಳೆ ಮುರಿದಿದೆ.

ನನಗೆ ಅನುಮಾನವೇ ಬರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಭಾನುವಾರ ಸುದ್ದಿಗೆ ಬರಗಾಲ. ‘ಘಾಟಿಯಲ್ಲಿ ರೇಸ್ ಹುಚ್ಚು: ಕಾಲು ಮುರಿದುಕೊಂಡ ಯುವಕ’ ಅಂತ ನಾಲ್ಕು ಕಾಲಂ ಹಾಕಿದೆ. ಹುಡುಗನ ಹೆಸರು, ಊರು ಎಲ್ಲ ಇತ್ತು.

ಮೂರು ದಿನ ಬಿಟ್ಟು ಅವನ ಅಪ್ಪ ಆಫೀಸಿಗೆ ಬಂದರು. ಒದ್ದೆ ಕೊಡೆ, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಪೇಪರ್. ಬೈಯಲಿಲ್ಲ.

“ನನ್ ಮಗ ರೇಸ್ ಬಿಟ್ಟಿದ್ದು ಅಂತ ನಿಮಗೆ ಯಾರ್ ಹೇಳಿದ್ದು ಮಾರಾಯ್ರೆ? ಆ ಗಾಡಿ ಐವತ್ತು ದಾಟಿದ್ರೆ ಹ್ಯಾಂಡಲ್ ನಡುಗುತ್ತೆ. ಅದ್ರಲ್ಲಿ ಯಾರಾದ್ರೂ ರೇಸ್ ಬಿಡ್ತಾರಾ?”

ಫೋಟೊ ಮತ್ತೆ ತೆಗೆದು ನೋಡಿದೆ. ಬಿದ್ದಿದ್ದದ್ದು ಹಳೇ 100 ಸಿಸಿ ಬೈಕು, ಹಿಂದೆ ಹಾಲಿನ ಕ್ಯಾನ್ ಕಟ್ಟುವ ಕಬ್ಬಿಣದ ಸ್ಟ್ಯಾಂಡು. ಅದು ಭಾನುವಾರವೂ ಕಾಣುತ್ತಿತ್ತು. ನಾನು ನೋಡಿರಲಿಲ್ಲ.

ಆಗಿದ್ದು ಇಷ್ಟು. ಹುಡುಗ ಒಬ್ಬನೇ ಘಾಟಿ ಹತ್ತುತ್ತಿದ್ದ. ತಿರುವಿನಲ್ಲಿ ಎದುರಿಗೆ ಮಿನಿಬಸ್ ಬಂತು. ಅಂಚಿಗೆ ಸರಿದ, ಜಾರಿದ. ಹಿಂದಿನಿಂದ ಬಂದ ದೊಡ್ಡ ಬೈಕಿನವರು ನಿಂತು, ಅವನನ್ನು ಎತ್ತಿ ಕೂರಿಸಿ, ಬಂದ ಕಾರು ತಡೆದು ಆಸ್ಪತ್ರೆಗೆ ಕಳಿಸಿದ್ದರು. ನಾವು ರೇಸಿನವರು ಅಂತ ಬರೆದದ್ದು ಆ ಪುಣ್ಯಾತ್ಮರನ್ನು.

ಹುಡುಗ ಶಾಲಾ ವ್ಯಾನ್ ಓಡಿಸುತ್ತಿದ್ದ. ಪೇಪರ್ ನೋಡಿದ ಶಾಲೆಯವರು ಬೇರೆ ಡ್ರೈವರ್ ಹುಡುಕಿಕೊಂಡರಂತೆ. ಮಕ್ಕಳನ್ನು ಕರೆದೊಯ್ಯುವ ಕೆಲಸ, ಅವರನ್ನು ತಪ್ಪು ಅನ್ನುವುದು ಹೇಗೆ? ನಾವು ಐದನೇ ಪುಟದ ಮೂಲೆಯಲ್ಲಿ ಮೂರು ಸಾಲಿನ ತಿದ್ದುಪಡಿ ಹಾಕಿದೆವು. ನಾಲ್ಕು ಕಾಲಂಗೆ ಮೂರು ಸಾಲು.

ಆಮೇಲೆ ಒಂದು ರಜೆಯ ದಿನ ಸುಮ್ನೆ ಆ ಜಾಗಕ್ಕೆ ಹೋಗಿ ಬಂದೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಬಸ್ಸು ತಿರುಗಬೇಕಾದರೆ ಇಡೀ ರಸ್ತೆ ಬೇಕು. ಬೈಕಿನವನಿಗೆ ಉಳಿಯುವುದು ಅಂಚು ಮಾತ್ರ. ಅಲ್ಲಿ ಯಾವ ಟೈರೂ ಓಡದೆ ಪಾಚಿ ಕಟ್ಟಿರುತ್ತದೆ. ಅದರ ಮೇಲೆ ಗುಡ್ಡದಿಂದ ಇಳಿದ ಸಣ್ಣ ಜಲ್ಲಿ, ಕೊಳೆತ ಎಲೆ. ಮೂವತ್ತರ ವೇಗದಲ್ಲಿ ಮುಂದಿನ ಬ್ರೇಕ್ ಹಿಡಿದರೂ ಸಾಕು, ಕೆಳಗೆ. ಇದನ್ನು ಬರೆದಿದ್ದರೆ ಮರುದಿನ ಘಾಟಿ ಹತ್ತುವ ಹತ್ತು ಜನಕ್ಕಾದರೂ ಉಪಯೋಗ ಆಗುತ್ತಿತ್ತು. ‘ರೇಸ್’ ಅಂದ ತಕ್ಷಣ ರಸ್ತೆ ಹೇಗಿತ್ತು ಅಂತ ಕೇಳುವವರೇ ಇಲ್ಲ. ತಪ್ಪು ಯಾರದ್ದು ಅಂತ ಹೆಡ್ಡಿಂಗಿನಲ್ಲೇ ತೀರ್ಮಾನ ಆಗಿರುತ್ತದಲ್ಲ.

ಘಾಟಿಯಲ್ಲಿ ಯಾರೂ ರೇಸ್ ಬಿಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ತಿರುವಿನಲ್ಲಿ ಮೊಣಕಾಲು ಊರುವಷ್ಟು ಬಾಗುವವರನ್ನು ಕಣ್ಣಾರೆ ನೋಡಿದ್ದೇನೆ. ಅವರ ಬಗ್ಗೆ ನನಗೆ ಕನಿಕರ ಇಲ್ಲ. ಆದರೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಅಂತಾದರೆ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೇ ಅಂತ 189ನೇ ಸೆಕ್ಷನ್ ಇದೆ. ಈಗ ನಾನು ಮೊದಲು ಕೇಳುವುದು ಎಫ್‌ಐಆರ್‌ನಲ್ಲಿ ಯಾವ ಸೆಕ್ಷನ್ ಹಾಕಿದ್ದಾರೆ ಅಂತ. ಆ ಹುಡುಗನ ಕೇಸಿನಲ್ಲಿ 189 ಇರಲೇ ಇಲ್ಲ.

ನಿಜವಾದ ರೋಡ್ ರೇಸ್ ಅಂದರೆ ಏನು ಅಂತ ತಿಳಿದುಕೊಂಡದ್ದೂ ಆಮೇಲೆಯೇ. ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1907ರಿಂದ ಟಿಟಿ (ಟೂರಿಸ್ಟ್ ಟ್ರೋಫಿ) ಅನ್ನುವ ಬೈಕ್ ರೇಸ್ ನಡೆಯುತ್ತಿದೆ. ಊರಿನ ರಸ್ತೆಯನ್ನೇ ಬಂದ್ ಮಾಡಿ ಓಡಿಸುತ್ತಾರೆ. ಈಗಿನ ಕೋರ್ಸಿನ ಒಂದು ಸುತ್ತು ಸುಮಾರು 60 ಕಿ.ಮೀ. ಹೆಚ್ಚುಕಡಿಮೆ ನಮ್ಮ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಇರುವಷ್ಟು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಹೋಗುವ ಅಷ್ಟು ದೂರವನ್ನು 2023ರಲ್ಲಿ ಪೀಟರ್ ಹಿಕ್‌ಮನ್ ಅನ್ನುವ ಸವಾರ ಅಲ್ಲಿ 17 ನಿಮಿಷದೊಳಗೆ ಮುಗಿಸಿದ. ಆ ಕೋರ್ಸಿನ ಎರಡೂ ಕಡೆ ಕಲ್ಲಿನ ಗೋಡೆ, ಮನೆ, ಕಂಬ. ರೇಸಿಗೇ ಅಂತ ಕಟ್ಟಿದ ಸರ್ಕ್ಯೂಟಿನಲ್ಲಿ ಬಿದ್ದರೆ ಉರುಳಲು ಜಾಗ ಇರುತ್ತದೆ, ಇಲ್ಲಿ ಗೋಡೆಯೇ ಗತಿ. 1911ರಿಂದ ಆ ಕೋರ್ಸಿನಲ್ಲಿ 260ಕ್ಕೂ ಹೆಚ್ಚು ಸವಾರರು ಸತ್ತಿದ್ದಾರೆ. 1972ರಲ್ಲಿ ಗೆಳೆಯ ಜಿಲ್ಬರ್ಟೊ ಪಾರ್ಲೊಟ್ಟಿ ಸತ್ತ ಮೇಲೆ ಜಿಯಾಕೊಮೊ ಅಗೊಸ್ಟಿನಿಯಂಥ ಚಾಂಪಿಯನ್ನೇ ಅಲ್ಲಿ ಇನ್ನು ಓಡಿಸುವುದಿಲ್ಲ ಅಂದ. 1976ರ ನಂತರ ಅದು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಳಿಯಲಿಲ್ಲ.

ಅಲ್ಲೂ ಒಂದು ತಪ್ಪು ಆಯಿತು, 2022ರಲ್ಲಿ. ಒಂದೇ ಗಾಡಿಯಲ್ಲಿ ಸವಾರ, ಜೊತೆಗಾರ ಇಬ್ಬರೂ ಇರುವ ಸೈಡ್‌ಕಾರ್ ರೇಸಿನಲ್ಲಿ ಇಬ್ಬರು ಫ್ರೆಂಚರು ಬಿದ್ದರು. ಸೆಸಾರ್ ಶಾನಾಲ್ ಸತ್ತ ಅಂತ ಸಂಘಟಕರೇ ಪ್ರಕಟಿಸಿದರು. ಲೋಕವೆಲ್ಲ ಅದನ್ನೇ ಬರೆಯಿತು. ಕೆಲವು ದಿನ ಬಿಟ್ಟು ಗೊತ್ತಾಯಿತು, ಸತ್ತವನು ಜೊತೆಗಾರ ಒಲಿವಿಯೆ ಲಾವೊರೆಲ್, ಶಾನಾಲ್ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದಾನೆ. ಅದೇ ಅಕ್ಟೋಬರಿನಲ್ಲಿ ಅವನೂ ತೀರಿಕೊಂಡ. ಎರಡು ಮನೆಗಳ ಆ ದಿನಗಳನ್ನು ಯೋಚಿಸಿ. ಸವಾರರ ಪಟ್ಟಿ, ನಂಬರು, ಡಾಕ್ಟರು ಎಲ್ಲ ಇದ್ದ ಕಡೆಯೇ ಹೀಗಾಯಿತು. ನಾವು ಯಾರದ್ದೋ ಮೊಬೈಲ್ ಫೋಟೊ ನಂಬಿ ಹೆಸರು ಹಾಕುವವರು.

ಇನ್ನೊಂದು ವಿಷಯ ಡೆಸ್ಕಿನ ಗೆಳೆಯರಿಗೆ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ನಮಗೆ ಬೈಕ್ ರೇಸ್ ನೆನಪಾಗುವುದು ಯಾರಾದರೂ ಬಿದ್ದಾಗ ಮಾತ್ರ. ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ 2015ರಲ್ಲಿ, ಮರಳುಗಾಡು ದಾಟಿ ದಿನಗಟ್ಟಲೆ ಓಡಿಸುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದಾಗ ನಾನು ಕೊಟ್ಟದ್ದು ಸಿಂಗಲ್ ಕಾಲಂ. 2021ರಲ್ಲಿ ಅದೇ ರ‍್ಯಾಲಿಯಲ್ಲಿ, ಸೌದಿಯಲ್ಲಿ ಬಿದ್ದು ಪ್ರಜ್ಞೆ ತಪ್ಪಿದಾಗ ಫೋಟೊ ಸಮೇತ ಮುಖಪುಟ. 2023ರ ಆಗಸ್ಟಿನಲ್ಲಿ ಚೆನ್ನೈ ಹತ್ತಿರದ ಸರ್ಕ್ಯೂಟಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ರೇಸಿನಲ್ಲಿ ಬಿದ್ದು ಸತ್ತ. ಅಂಥ ಎಳೆಯ ಮಕ್ಕಳು ರೇಸ್ ಓಡಿಸುತ್ತಾರೆ ಅಂತಲೇ ನಮ್ಮ ಅರ್ಧ ಡೆಸ್ಕಿಗೆ ಅವತ್ತು ಗೊತ್ತಾಗಿದ್ದು. ಸುರಕ್ಷತೆಯ ಪ್ರಶ್ನೆ ಅವತ್ತು ಕೇಳಿದೆವು, ಒಂದು ವಾರ. ಆಮೇಲೆ ಇಲ್ಲ.

ಕಳೆದ ಮಳೆಗಾಲದಲ್ಲಿ ಹೊಸ ವರದಿಗಾರನೊಬ್ಬ ರಾತ್ರಿ ಎಂಟೂವರೆಗೆ ಫೋನ್ ಮಾಡಿದ. ಹುಲಿಕಲ್ ಘಾಟಿ.

“ಅಣ್ಣ, ರೇಸ್ ಆಕ್ಸಿಡೆಂಟು. ಒಂದು ಬಾಕ್ಸ್ ಜಾಗ ಇಡಿ.”

“ಎಷ್ಟು ಬೈಕು?”

“ಒಂದು.”

“ಅವನು ಯಾರ ಜೊತೆ ರೇಸ್ ಬಿಟ್ಟ?”

ಆ ಕಡೆ ಮಳೆ ಸದ್ದು ಮಾತ್ರ ಕೇಳುತ್ತಿತ್ತು.

“ಇರಿ ಅಣ್ಣ, ಸ್ಟೇಷನ್ನಿಗೆ ಹೋಗಿ ಕೇಳ್ಕೊಂಡ್ ಬರ್ತೀನಿ.”

ಆ ಜಾಗಕ್ಕೆ ಅಡಿಕೆ ರೇಟು ಹಾಕಿ ಪೇಜ್ ಬಿಟ್ಟೆ.