ಸಿಲಿಂಡರ್ ತಡವಾಗುವ ದಿನಗಳಿಗೆ ಒಂದಿಷ್ಟು ಸಿದ್ಧತೆ

ನಮ್ಮ ದೇಶ ಬಳಸುವ ಅಡುಗೆ ಅನಿಲದ ಅರ್ಧಕ್ಕಿಂತ ಹೆಚ್ಚು ಭಾಗ ವಿದೇಶದಿಂದ, ಅದರಲ್ಲಿಯೂ ಬಹುಪಾಲು ಇರಾನಿನ ಪಕ್ಕದ ಹೊರ್ಮುಜ್ ಜಲಸಂಧಿಯ ಮೂಲಕ ಬರುವುದರಿಂದ, ಪಶ್ಚಿಮ ಏಷ್ಯಾದ ಉದ್ವಿಗ್ನತೆಯು ಹುಬ್ಬಳ್ಳಿಯ ಅಡುಗೆಮನೆಗೆ ಸಂಬಂಧಿಸದ ಸುದ್ದಿಯೇನಲ್ಲ. ಆದರೂ ಗಾಬರಿಯಿಂದ ಅಂಗಡಿಗೆ ಓಡುವುದಕ್ಕಿಂತ, ನಮ್ಮ ಭಾಗದ ಹಳೆಯ ರೂಢಿಗಳನ್ನೇ ಸ್ವಲ್ಪ ಬಿಗಿಗೊಳಿಸಿಕೊಳ್ಳುವುದು ಮೇಲು ಎಂದು ನನಗನ್ನಿಸುತ್ತದೆ. ನಳದ ನೀರು ದಿನಗಟ್ಟಲೆ ಬಾರದಿರುವುದನ್ನು ಕಂಡ ಇಲ್ಲಿನವರಿಗೆ ನೀರು ತುಂಬಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಊಟದ ವಿಷಯದಲ್ಲಂತೂ ನಾವು ಪುಣ್ಯವಂತರು. ತೆಳ್ಳಗೆ ಬಡಿದು, ಬೇಯಿಸಿದ ಮೇಲೆ ಒಲೆಯ ಪಕ್ಕದಲ್ಲಿ ನಿಲ್ಲಿಸಿ, ಮುಟ್ಟಿದರೆ ಚಟ್ಟನೆ ಮುರಿಯುವಷ್ಟು ಒಣಗಿಸಿದ ಕಡಕ್ ಜೋಳದ ರೊಟ್ಟಿಯು ತೇವ ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ ಮತ್ತು ಮೊಸರು ಜೊತೆಗಿದ್ದರೆ ಒಲೆ ಹಚ್ಚದೆಯೇ ಹೊತ್ತು ಕಳೆಯಬಹುದು. (ಮಳೆಗಾಲದಲ್ಲಿ ಮಾತ್ರ ರೊಟ್ಟಿಯನ್ನು ಬುಟ್ಟಿಯಲ್ಲಿಡದೆ ಡಬ್ಬಿಯಲ್ಲಿಡಬೇಕು.)

2019ರ ಆಗಸ್ಟ್ ತಿಂಗಳ ನೆರೆಯನ್ನು ಕಂಡ ಉತ್ತರ ಕರ್ನಾಟಕದಲ್ಲಿ ವಿದ್ಯುತ್ತನ್ನೂ ಮೊಬೈಲ್ ಸಂಪರ್ಕವನ್ನೂ ಪೂರ್ತಿ ನಂಬಿ ಕೂರುವುದು ಜಾಣತನವಲ್ಲ. ನೆಟ್‌ವರ್ಕ್ ಇಲ್ಲದಾಗ ಫೋನಿನೊಳಗಿನ ಹಣ ಹಾಲಿನವರಿಗೂ ಸಲ್ಲುವುದಿಲ್ಲವಾದ್ದರಿಂದ ಸಣ್ಣ ನೋಟುಗಳು, ರೇಷನ್ ಕಾರ್ಡಿನ ಪ್ರತಿ, ನಿತ್ಯದ ಔಷಧಿ ಹಾಗೂ ಟಾರ್ಚು ಒಂದೇ ಚೀಲದಲ್ಲಿರಲಿ. ತುರ್ತು ಸಹಾಯದ 112 ಮತ್ತು ಆಂಬುಲೆನ್ಸಿನ 108 ಸಂಖ್ಯೆಗಳು ಮನೆಯ ಮಕ್ಕಳಿಗೂ ಬಾಯಿಪಾಠವಾಗಿರಲಿ.