ಕಂತು ಕಟ್ಟಬೇಕೋ ಬ್ಯಾಡೋ: ಶಾಸಕರ ಕಚೇರಿಯಲ್ಲಿ ವರದಿ ಬರೆಯುವ ಕೆಲಸ

ಕಲಬುರಗಿ ಜಿಲ್ಲೆಯ ಒಬ್ಬ ಶಾಸಕರ ಕಚೇರಿಯಲ್ಲಿ ನನ್ನ ಕೆಲಸ. ಕ್ಷೇತ್ರದ ಜನರಿಗೆ ತಿಂಗಳಿಗೊಂದು ವರದಿ ಬರೆದು ಕಳಿಸುವುದು ನನ್ನ ಪಾಲಿಗೆ ಬಂದಿದೆ. ಸದನದಲ್ಲಿ ಏನು ಚರ್ಚೆ ಆಯ್ತು, ಯಾವ ರಸ್ತೆಯ ಕಡತ ಎಲ್ಲಿದೆ, ಯಾವ ಯೋಜನೆಗೆ ಯಾವಾಗ ಅರ್ಜಿ ಹಾಕಬೇಕು, ಇಷ್ಟು ಅದರಲ್ಲಿ ಇರುತ್ತದೆ. ಎರಡು ಪುಟದ ಕಾಗದ ಗ್ರಾಮ ಪಂಚಾಯ್ತಿಗಳ ನೋಟಿಸ್ ಬೋರ್ಡಿಗೆ ಹೋಗುತ್ತದೆ. ಅದೇ ಮಾತು ಆಡಿಯೊ ಆಗಿ ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗುತ್ತದೆ. ಇಂಥ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಲಿತದ್ದು ಮುಖ್ಯವಾಗಿ ಒಂದೇ. ಒಂದು ವಿಷಯ ಈಗ ಯಾವ ಹಂತದಲ್ಲಿದೆ, ಆ ಹಂತದಲ್ಲಿ ಕೇಳುವವರು ಏನು ಮಾಡಬೇಕು, ಈ ಎರಡನ್ನೂ ಹೇಳದ ವರದಿಯಿಂದ ಜನರಿಗೆ ಪ್ರಯೋಜನ ಇಲ್ಲ. ಕೆಲವು ಸಲ ಅದರಿಂದ ಹಾನಿಯೂ ಆಗುತ್ತದೆ.

2025ರ ಶುರುವಿನಲ್ಲಿ ಮೈಕ್ರೋ ಫೈನಾನ್ಸ್, ಅಂದರೆ ಬಡವರಿಗೆ ಸಣ್ಣ ಸಾಲ ಕೊಡುವ ಕಂಪನಿಗಳ ಕಿರುಕುಳದ ಮಾತು ರಾಜ್ಯದ ತುಂಬ ಇತ್ತು. ವಸೂಲಿಗೆ ಬಂದವರು ಮನೆ ಮುಂದೆ ಕೂತು ಮಾನ ಕಳೆಯುವುದು, ಸಾಲಕ್ಕೆ ಹೆದರಿ ಊರು ಬಿಟ್ಟ ಕುಟುಂಬಗಳು, ಎಲ್ಲ ಪತ್ರಿಕೆಗಳಲ್ಲಿ ಬರುತ್ತಿತ್ತು. ಇದನ್ನು ತಡೆಯಲು ಸರ್ಕಾರ ಸುಗ್ರೀವಾಜ್ಞೆ (ಸದನ ನಡೆಯದಿರುವಾಗ ತರುವ ಕಾನೂನು) ಸಿದ್ಧ ಮಾಡಿತು. ರಾಜ್ಯಪಾಲರು ಮೊದಲ ಸಲ ಅದನ್ನು ವಾಪಸ್ ಕಳಿಸಿದರು. ಮತ್ತೆ ಹೋದಾಗ ಫೆಬ್ರುವರಿ 12ಕ್ಕೆ ಅಂಕಿತ ಬಿತ್ತು. ಮಾರ್ಚ್ ಅಧಿವೇಶನದಲ್ಲಿ ಅದು ಮಸೂದೆಯಾಗಿ ಸದನಕ್ಕೆ ಬಂತು. ಟಿವಿಯಲ್ಲಿ ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿ ದಂಡ ಅನ್ನುವುದೇ ದೊಡ್ಡ ಸುದ್ದಿ. ಹಳ್ಳಿಗಳಲ್ಲಿ ಹಬ್ಬಿದ ಸುದ್ದಿ ಮಾತ್ರ ಬೇರೆ: ಸಾಲ ಮನ್ನಾ ಆಯ್ತಂತೆ!

ಕಚೇರಿಗೆ ಫೋನು ಮಾಡಿದ ಹೆಣ್ಣುಮಕ್ಕಳದ್ದು ಒಂದೇ ಪ್ರಶ್ನೆ. "ಅಕ್ಕಾರ, ಸಾಲ ಮನ್ನಾ ಆಗ್ಯಾದಂತ ಕೇಳ್ದೆವು. ಈ ವಾರದ ಕಂತು ಕಟ್ಟಬೇಕೋ ಬ್ಯಾಡೋ?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ಮಸೂದೆಯ ಕಲಮುಗಳನ್ನು ಸಾರಾಂಶ ಮಾಡಿ ಕೊಟ್ಟರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಹಾಗಾಗಿ ನಾವು ವರದಿಯ ಮೊದಲ ಸಾಲಲ್ಲೇ ಉತ್ತರ ಕೊಟ್ಟೆವು. ಬ್ಯಾಂಕಿನ ಸಾಲ, ಆರ್‌ಬಿಐನಲ್ಲಿ ನೋಂದಾಯಿಸಿದ ಫೈನಾನ್ಸ್ ಕಂಪನಿಯ ಸಾಲ ಮನ್ನಾ ಆಗಿಲ್ಲ, ಕಂತು ಕಟ್ಟಬೇಕು. ನೋಂದಣಿಯೂ ಇಲ್ಲದ, ಲೈಸೆನ್ಸೂ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಮಾತ್ರ ತೀರಿದಂತೆ ಅಂತ ಕಾನೂನು ಹೇಳುತ್ತದೆ. ನಿಮಗೆ ಸಾಲ ಕೊಟ್ಟವರು ಯಾರು ಅಂತ ಮೊದಲು ತಿಳಿದುಕೊಳ್ಳಿ, ಪಾಸ್‌ಬುಕ್ಕು ಅಥವಾ ಸಾಲದ ಕಾರ್ಡಿನ ಮೇಲೆ ಕಂಪನಿಯ ಹೆಸರು ಇರುತ್ತದೆ, ಅದರ ಫೋಟೊ ನಮಗೆ ಕಳಿಸಿ ಅಂತ ಬರೆದೆವು.

ಯಾಕೆ ಇಷ್ಟು ಒತ್ತಿ ಹೇಳಬೇಕು? ಸಂಘದ ಸಾಲದಲ್ಲಿ ಒಬ್ಬಳು ಕಂತು ನಿಲ್ಲಿಸಿದರೆ ಭಾರ ಬೀಳುವುದು ಜೊತೆಗೆ ಸಹಿ ಹಾಕಿದ ಉಳಿದವರ ಮೇಲೆ. ಅರ್ಧ ಸುದ್ದಿ ನಂಬಿ ಒಂದು ಓಣಿಯ ಹೆಣ್ಣುಮಕ್ಕಳು ತಮ್ಮ ತಮ್ಮಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಮುಂದೆ ಬ್ಯಾಂಕಿಗೆ ಹೋದರೆ ಸಿಬಿಲ್ (ಸಾಲ ತೀರಿಸಿದ್ದರ ದಾಖಲೆ) ಕೆಟ್ಟಿದೆ ಅನ್ನುತ್ತಾರೆ. ಮನ್ನಾ ಆಗಿದೆ ಅಂತ ಹೇಳಿ ಚಪ್ಪಾಳೆ ತಗೊಂಡವರು ಆ ಹೊತ್ತಿಗೆ ಎಲ್ಲಿರುತ್ತಾರೋ.

ಹಾಗಂತ ಬರೀ ಕಟ್ಟಿ ಅಂದರೂ ಸಾಲದು. ಕಿರುಕುಳ ನಿಜ. ಆರ್‌ಬಿಐ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಫೋನ್ ಮಾಡಿ ಕಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ, ಪಕ್ಕದ ಮನೆಯವರಿಗೆ ಕಾಟ ಕೊಡುವಂತಿಲ್ಲ. ದೂರು ಕೊಡಲು ಆರ್‌ಬಿಐನ 14448 ನಂಬರ್ ಇದೆ. ಬೆದರಿಕೆ ಹಾಕಿದರೆ ಪೊಲೀಸ್ ಠಾಣೆ ಇದೆ. ಕಂತು ಕಟ್ಟುವುದು ಬೇರೆ, ಮಾನ ಕಳೆದುಕೊಳ್ಳುವುದು ಬೇರೆ ಅನ್ನುವುದು ಹೆಣ್ಣುಮಕ್ಕಳಿಗೆ ಕೂಡಲೇ ಅರ್ಥ ಆಯಿತು. ನಮ್ಮ ಆಡಿಯೊಗಳಲ್ಲಿ ಗುಂಪಿಂದ ಗುಂಪಿಗೆ ಜಾಸ್ತಿ ಹೋದದ್ದು ಇದೇ.

ಕಾನೂನಿನ ಸುದ್ದಿ ಬರೆಯುವವರು ಮೆಟ್ಟಿಲುಗಳನ್ನು ನೆನಪಲ್ಲಿ ಇಟ್ಟುಕೊಳ್ಳಬೇಕು. ಮಸೂದೆ ಮಂಡನೆ ಆದರೆ ಕಾನೂನು ಆದಂತಲ್ಲ. ವಿಧಾನಸಭೆ ಒಪ್ಪಬೇಕು, ವಿಧಾನ ಪರಿಷತ್ತು ಒಪ್ಪಬೇಕು, ರಾಜ್ಯಪಾಲರ ಅಂಕಿತ ಬೇಕು, ರಾಜ್ಯಪತ್ರದಲ್ಲಿ ಬರಬೇಕು. ಆಮೇಲೂ ನಿಯಮಗಳು ಬಾರದೆ ಕೆಳಗಿನ ಕಚೇರಿಯಲ್ಲಿ ಕೆಲಸ ಶುರುವಾಗದೆ ಇರಬಹುದು. ನಾಡಕಚೇರಿಯ ಗುಮಾಸ್ತರ ಮುಂದೆ ಮೊಬೈಲ್ ಹಿಡಿದು "ಪೇಪರ್‌ನಾಗ ಬಂದಾದ ನೋಡ್ರಿ" ಅನ್ನುವ ಮುದುಕನನ್ನು ನಾವು ಸುಮ್ನೆ ಅಲೆದಾಡಿಸಬಾರದು, ಅಲ್ವಾ? ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ.

ತಾಂಡಾಗಳ, ಅಂದರೆ ಲಂಬಾಣಿ ಜನರ ವಸತಿಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ದಾಖಲೆಯಲ್ಲಿ ಇಲ್ಲದ ಜನವಸತಿಗಳಲ್ಲಿ ಇರುವವರಿಗೆ ಮನೆಯ ಜಾಗದ ಹಕ್ಕು ಕೊಡಲು ಭೂ ಸುಧಾರಣೆ ಕಾಯ್ದೆಗೆ 38ಎ ಕಲಮು ಸೇರಿಸಿದರು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಹಕ್ಕುಪತ್ರ ಕೊಡುವ ದೊಡ್ಡ ಕಾರ್ಯಕ್ರಮ ನಡೆಯಿತು. ನಮ್ಮ ಭಾಗದ ಲಂಬಾಣಿ ಕುಟುಂಬಗಳಿಗೆ ಅದು ತಲೆಮಾರುಗಳ ಆಸೆ. ಆದರೆ ಹಕ್ಕುಪತ್ರ, ಅದರ ನೋಂದಣಿ, ಪಂಚಾಯ್ತಿ ದಾಖಲೆಯಲ್ಲಿ ಮನೆಯವರ ಹೆಸರಿಗೆ ಖಾತೆ, ಇವು ಮೂರೂ ಬೇರೆ ಬೇರೆ. ಕೈಯಲ್ಲಿ ಹಕ್ಕುಪತ್ರ ಇದ್ದು ಖಾತೆ ಇಲ್ಲದಿದ್ದರೆ ಮನೆ ಸಾಲಕ್ಕೆ ಹೋದಾಗ ತೊಂದರೆ. ನಮ್ಮ ವರದಿಯಲ್ಲಿ ತಾಂಡಾದ ಹೆಸರಿನ ಮುಂದೆ ಇಷ್ಟು ಬರೆಯುತ್ತೇವೆ: ಕಂದಾಯ ಗ್ರಾಮ (ಸರ್ಕಾರದ ದಾಖಲೆಗೆ ಸೇರಿದ ಊರು) ಆಗಿದೆಯೋ ಇಲ್ಲವೋ, ಹಕ್ಕುಪತ್ರ ಬಂದಿದೆಯೋ, ಖಾತೆ ಶುರುವಾಗಿದೆಯೋ. ಆಗಿಲ್ಲ ಅಂದರೆ ಆಗಿಲ್ಲ ಅಂತಲೇ ಬರೆಯುತ್ತೇವೆ. ಶುರುವಿನಲ್ಲಿ ಪಕ್ಷದ ಕೆಲವು ಕಾರ್ಯಕರ್ತರಿಗೆ ಇದು ಹಿಡಿಸಲಿಲ್ಲ. ನಮ್ಮ ಶಾಸಕರು ಇದ್ದದ್ದು ಇದ್ದಂತೆ ಇರಲಿ ಬಿಡಿ ಅಂದರು, ಹಾಗೇ ಮುಂದುವರಿಯಿತು. ಆ ಧೈರ್ಯ ಶಾಸಕರಿಗೆ ಇರಬೇಕು. ಬರೆಯುವವರು ಎಷ್ಟೇ ಒಳ್ಳೆಯವರಿದ್ದರೂ ಅದಿಲ್ಲದೆ ಆಗುವುದಿಲ್ಲ.

ರಸ್ತೆ, ಶಾಲೆ ಕೋಣೆ, ಕುಡಿಯುವ ನೀರಿನ ಕೆಲಸಗಳಿಗೂ ಇದೇ ಮಾತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ 5,000 ಕೋಟಿ ಅಂತ ಘೋಷಣೆ ಬರುತ್ತದೆ. ಅದರಿಂದ ನಿಮ್ಮೂರಿನ ರಸ್ತೆಗೆ ಬರಬೇಕಾದರೆ ಕ್ರಿಯಾ ಯೋಜನೆಯಲ್ಲಿ ಹೆಸರು ಸೇರಬೇಕು, ಆಡಳಿತಾತ್ಮಕ ಅನುಮೋದನೆ ಸಿಗಬೇಕು, ಟೆಂಡರ್ ಆಗಬೇಕು, ಕಾರ್ಯಾದೇಶ ಹೊರಡಬೇಕು. ಕ್ರಿಯಾ ಯೋಜನೆಯ ಹಂತದಲ್ಲಿ ಊರವರು ಬಂದು ಚರಂಡಿ ಮೊದಲು ಬೇಕು ಅಂದರೆ ಬದಲಾಯಿಸುವ ಅವಕಾಶ ಇರುತ್ತದೆ. ಜಲ್ಲಿ ಬಿದ್ದ ಮೇಲೆ ಹೇಳಿದರೆ ಏನು ಬಂತು? ಅದಕ್ಕೇ ಭೂಮಿಪೂಜೆಯ ಫೋಟೊಗಿಂತ ಕ್ರಿಯಾ ಯೋಜನೆಯ ಪಟ್ಟಿ ಹಾಕುವುದು ಎಷ್ಟೋ ಮೇಲು ಅಂತ ನನ್ನ ನಂಬಿಕೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದು ಶಾಸಕರ ಕೈಗೆ ಬರುವ ದುಡ್ಡಲ್ಲ. ಶಾಸಕರು ಕೆಲಸ ಸೂಚಿಸುತ್ತಾರೆ, ಜಿಲ್ಲಾಧಿಕಾರಿಗಳ ಮೂಲಕ ಖರ್ಚಾಗುತ್ತದೆ. ಇದನ್ನು ಬಿಡಿಸಿ ಬರೆದ ಮೇಲೆ "ಸಾಹೇಬ್ರ ರೊಕ್ಕ" ಅನ್ನುವ ಮಾತು ಸ್ವಲ್ಪ ಕಡಿಮೆ ಆಯಿತು.

ಸದನದ ಸುದ್ದಿಯಲ್ಲಿ ನಾವು ಭಾಷಣ ಹಾಕುವುದಿಲ್ಲ. ಶಾಸಕರು ಕೇಳಿದ ಪ್ರಶ್ನೆ, ಮಂತ್ರಿಗಳು ಕೊಟ್ಟ ಉತ್ತರ, ಅಷ್ಟೇ. ಲಿಖಿತ ಉತ್ತರದಲ್ಲಿ ಎಷ್ಟು ಹುದ್ದೆ ಖಾಲಿ, ಯಾವ ಕಾಮಗಾರಿಗೆ ಎಷ್ಟು ಹಣ ಅಂತ ಇರುತ್ತದೆ. ಅದು ಸರ್ಕಾರವೇ ಒಪ್ಪಿದ ಲೆಕ್ಕ. ಶಾಲಾಭಿವೃದ್ಧಿ ಸಮಿತಿಯವರು ಅದನ್ನು ಹಿಡಿದುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬಹುದು.

ಇನ್ನು ಕಾಲದ ಮಾತು. ತಡವಾಗಿ ಹೋದ ಸರಿಯಾದ ಸುದ್ದಿಯಿಂದ ಯಾರಿಗೂ ಲಾಭ ಇಲ್ಲ. ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿಯ ಅರ್ಹತಾ ಪತ್ರವನ್ನೇ ತಗೊಳ್ಳಿ. ನಮ್ಮ ಭಾಗದ ಕಾಲೇಜುಗಳಲ್ಲಿ 70% ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8% ಸೀಟು ಇಲ್ಲಿಯ ಮಕ್ಕಳಿಗೆ ಮೀಸಲು. 2013ರಿಂದ ಇರುವ ಸವಲತ್ತು ಇದು, ಹೋರಾಡಿ ಪಡೆದದ್ದು. ಪತ್ರ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಜಾತಿ ಪ್ರಮಾಣಪತ್ರ ಬೇರೆ, ಇದು ಬೇರೆ. ಸಿಇಟಿ ಬಂದಾಗ ಓಡಿದರೆ ಆ ಹೊತ್ತಿಗೆ ಇಡೀ ಜಿಲ್ಲೆಯೇ ಅಲ್ಲಿ ಸಾಲಲ್ಲಿ ನಿಂತಿರುತ್ತದೆ. ಹಾಗಾಗಿ ಮಗು ಪಿಯುಸಿಗೆ ಸೇರಿದ ತಿಂಗಳಲ್ಲೇ ನಾವು ಇದನ್ನು ಹೇಳುತ್ತೇವೆ. ಅರ್ಜಿ ಕೊಟ್ಟಾಗ 'ಸಕಾಲ'ದ (ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಸಿಗಬೇಕು ಅನ್ನುವ ಕಾನೂನು) ಸ್ವೀಕೃತಿ ಕೇಳಿ ಅಂತಲೂ ಹೇಳುತ್ತೇವೆ. ಸಕಾಲದಲ್ಲಿ ಬರುವ ಸೇವೆ ಹೇಳಿದ ದಿನಕ್ಕೆ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಇದೆ. ದುಡ್ಡು ದೊಡ್ಡದಲ್ಲ, ಆದರೆ ಸ್ವೀಕೃತಿಯ ನಂಬರ್ ಕೈಯಲ್ಲಿದ್ದರೆ ಕಡತ ಎಲ್ಲಿದೆ ಅಂತ ನಾವೂ ಕೇಳಬಹುದು.

ತೊಗರಿ ಹೊಲಕ್ಕೆ ಮಳೆ ನೀರು ನುಗ್ಗಿದರೆ ಲೆಕ್ಕ ಗಂಟೆಗಳದ್ದು. ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಆಲಿಕಲ್ಲು, ಹೊಲ ಮುಳುಗುವುದು ಇಂಥ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಬಹುದು, ರೈತ ಸಂಪರ್ಕ ಕೇಂದ್ರಕ್ಕೂ ಹೋಗಬಹುದು. ಇಲ್ಲಿ ತಿಂಗಳ ವರದಿ ಅಂತ ಕಾಯುತ್ತಾ ಕೂತರೆ ರೈತ ಕೆಟ್ಟ. ಮಳೆ ನಿಂತ ರಾತ್ರಿಯೇ ಆಡಿಯೊ ಹೋಗಬೇಕು. ಭೀಮಾ ಪ್ರವಾಹದ ದಿನಗಳಲ್ಲೂ ಹಾಗೇ. ಸೊನ್ನ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದು ಎಂಜಿನಿಯರರಿಗೆ ಬೇಕಾದ ಮಾತು. ಯಾವ ಸೇತುವೆ ಮೇಲೆ ಓಡಾಡಬಾರದು, ದನಕರು ಎಲ್ಲಿ ಕಟ್ಟಬೇಕು, ಕಾಳಜಿ ಕೇಂದ್ರ (ನೆರೆ ಬಂದಾಗ ಜನ ಉಳಿಯುವ ಜಾಗ) ಯಾವ ಶಾಲೆಯಲ್ಲಿದೆ ಅಂತ ಹೇಳಿದರೆ ಜನ ಏಳುತ್ತಾರೆ. 2020ರ ಅಕ್ಟೋಬರ್ ಪ್ರವಾಹ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಆಡಿಯೊ ಯಾಕೆ ಅಂದರೆ, ನಮ್ಮ ಜನ ಓದುವುದಕ್ಕಿಂತ ಕೇಳುವುದು ಜಾಸ್ತಿ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು ರಾತ್ರಿ ಅಡುಗೆ ಮಾಡುತ್ತಾ ಕೇಳುತ್ತಾರೆ. ಕೇಳಿ ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳುತ್ತಾರೆ. ಕನ್ನಡದ ಜೊತೆ ಉರ್ದು, ಲಂಬಾಣಿಯಲ್ಲೂ ಓದಿಸುತ್ತೇವೆ. ಸೇಡಂ ಗಡಿ ಕಡೆಯಾದರೆ ತೆಲುಗು, ಆಳಂದ ಗಡಿ ಕಡೆಯಾದರೆ ಮರಾಠಿಯೂ ಬೇಕಾಗುತ್ತದೆ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಸಹಾಯ ಪಡೆದವರ ಫೋಟೊ ಹಾಕುವುದಿಲ್ಲ. ಗಂಡ ತೀರಿಕೊಂಡ ಹೆಣ್ಣುಮಗಳು ಚೆಕ್ ಹಿಡಿದು ನಿಲ್ಲುವ ಚಿತ್ರ ಸಾವಿರ ಮೊಬೈಲಿಗೆ ಹೋಗಬಾರದು. ಅದು ಅವಳ ಹಕ್ಕಿನ ಹಣ. ಪಡೆದವರ ಹೆಸರು, ನಂಬರ್ ಇರುವ ಪಟ್ಟಿಯೂ ಗುಂಪಿಗೆ ಹೋಗುವುದಿಲ್ಲ.

ಪ್ರತಿ ವರದಿಯ ಕೊನೆಗೆ ನಂಬರುಗಳು ಇರುತ್ತವೆ. ಕಳಿಸುವ ಮೊದಲು ಒಂದೊಂದಕ್ಕೂ ಫೋನ್ ಮಾಡಿ ನೋಡುತ್ತೇವೆ. ಸರ್ಕಾರಿ ಕಚೇರಿಯ ದೂರುಗಳಿಗೆ 1902, ಕರೆಂಟಿಗೆ ಜೆಸ್ಕಾಂನ 1912, ಮಕ್ಕಳ ರಕ್ಷಣೆಗೆ 1098, ಮಹಿಳೆಯರಿಗೆ 181, ಉಚಿತ ಕಾನೂನು ನೆರವಿಗೆ 15100. ನಿಮ್ಮ ಊರಿನ ಗುಂಪಿಗೂ ಇವನ್ನು ಹಾಕಿಬಿಡಿ.