ಮಣಿಕಟ್ಟು ಹಿಡಿಯುವ ವಿದ್ಯೆ: ಜುಜುತ್ಸು ಅಭ್ಯಾಸದ ಒಂದು ಸಂಜೆ

ಜಪಾನಿನ ಹಳೆಯ ಸೆಣಸಾಟದ ವಿದ್ಯೆಯಾದ ಜುಜುತ್ಸುವಿನ ಅಭ್ಯಾಸ ನೋಡಲು ಬಂದು ಗೋಡೆ ಬದಿ ಕೂತವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ಬೀದಿ ಜಗಳದಲ್ಲಿ ಯಾರು ಬಂದು ಮಣಿಕಟ್ಟು ಹಿಡಿಯುತ್ತಾರೆ? ಗುದ್ದುತ್ತಾರೆ, ಕೊರಳಪಟ್ಟಿ ಹಿಡಿದು ಎಳೆಯುತ್ತಾರೆ, ನೂಕುತ್ತಾರೆ. ಮತ್ತೆ ಇಲ್ಲಿ ಅರ್ಧ ಹೊತ್ತು ಮಣಿಕಟ್ಟಿನ ಮೇಲೆಯೇ ಕಳೆಯುವುದೇಕೆ?

ಪ್ರಶ್ನೆ ನ್ಯಾಯವಾದದ್ದೇ. ಈ ವಿದ್ಯೆ ಬೆಳೆದ ಕಾಲದಲ್ಲಿ ಸಮುರಾಯಿ ಯೋಧನ ಸೊಂಟದಲ್ಲಿ ಒಂದು ಉದ್ದ ಕತ್ತಿ, ಒಂದು ಗಿಡ್ಡ ಕತ್ತಿ ಇರುತ್ತಿದ್ದವು. ಅವನು ಕತ್ತಿ ಹಿರಿಯದಂತೆ ತಡೆಯಬೇಕಾದರೆ ಬಲ ಮಣಿಕಟ್ಟನ್ನೇ ಹಿಡಿಯಬೇಕು, ಸಾಧ್ಯವಾದರೆ ಎರಡೂ ಕೈಯಲ್ಲಿ. ಹಿಡಿಸಿಕೊಂಡವನಿಗೆ ಆ ಹಿಡಿತ ಬಿಡಿಸಿಕೊಳ್ಳುವುದು ಜೀವ ಉಳಿಸಿಕೊಳ್ಳುವ ಕೆಲಸ. ಈಗಿನ ಒಕಾಯಾಮಾ ಸೀಮೆಯಲ್ಲಿ, ಆಗಿನ ಮಿಮಾಸಾಕಾ ಪ್ರಾಂತದಲ್ಲಿ, 1532ರಲ್ಲಿ ತಾಕೆನೊಉಚಿ ಹಿಸಾಮೊರಿ ಕಟ್ಟಿದ ತಾಕೆನೊಉಚಿ ಸಂಪ್ರದಾಯವನ್ನು ಜುಜುತ್ಸುವಿನ ಹಳೆಯ ಬೇರು ಎನ್ನುತ್ತಾರೆ. ಅದರ ತಿರುಳೂ ಗಿಡ್ಡ ಕತ್ತಿ ಹಿಡಿದು ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ನಡೆಸುವ ಸೆಣಸಾಟವೇ. ಎದುರಾಳಿಯ ಬಳಿ ಆಯುಧ ಇದೆ ಎಂಬ ಈ ಒಂದು ಎಣಿಕೆಯನ್ನು ತಲೆಯಲ್ಲಿಟ್ಟುಕೊಂಡರೆ ಜುಜುತ್ಸು ಏಕೆ ಹೀಗಿದೆ, ಅದರಿಂದ ಹುಟ್ಟಿದ ಜೂಡೊ, ಐಕಿಡೊ, ಬ್ರೆಜಿಲಿಯನ್ ಜಿಯು-ಜಿತ್ಸು ಏಕೆ ಬೇರೆಯಾದವು ಎಂಬುದು ಒಂದೇ ಸಂಜೆಯ ಅಭ್ಯಾಸದಲ್ಲಿ ಕಣ್ಣಿಗೆ ಕಾಣುತ್ತದೆ.

ಜಪಾನಿನ ಸಣ್ಣ ಊರುಗಳಲ್ಲಿ ಇಂಥ ಅಭ್ಯಾಸ ನಡೆಯುವುದು ಹೆಚ್ಚಾಗಿ ಊರಿನ ಸಾರ್ವಜನಿಕ ಸಮರಕಲಾ ಭವನದಲ್ಲಿ, ಕೆಲಸ ಮುಗಿಸಿ ಬರುವವರಿಗೆ ಅನುಕೂಲವಾಗಲೆಂದು ಸಂಜೆ ಏಳರ ನಂತರ. ಪಕ್ಕದ ಅಂಕಣದಲ್ಲಿ ಮಕ್ಕಳ ಜೂಡೊ ನಡೆದಿರುತ್ತದೆ. ನೆಲಕ್ಕೆ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಚಾಪೆಗಳು. ಅವುಗಳ ಸಂದುಗಳನ್ನು ಮೊದಲು ಕಾಲಿನಿಂದ ಒತ್ತಿ ಕೂಡಿಸುತ್ತಾರೆ. ಎರಡು ಚಾಪೆಗಳ ನಡುವೆ ಕಾಲ್ಬೆರಳು ಸಿಕ್ಕಿಕೊಂಡು ಮುರಿಯುವುದು ಈ ವಿದ್ಯೆಯಲ್ಲಿ ಮಾಮೂಲಿ ಗಾಯ.

ನಮಸ್ಕಾರವಾದ ಮೇಲೆ ಮೊದಲ ಇಪ್ಪತ್ತು ನಿಮಿಷ ಬೀಳುವ ಪಾಠ, ಉಕೆಮಿ. ಹಿಂದಕ್ಕೆ ಬೀಳುವಾಗ ಕುಕ್ಕರಗಾಲಿನಲ್ಲಿ ಕೂತು, ಗದ್ದವನ್ನು ಎದೆಗೆ ಒತ್ತಿ, ಸ್ವಂತ ಸೊಂಟಪಟ್ಟಿಯ ಗಂಟು ನೋಡುತ್ತ ಉರುಳಬೇಕು. ಬೆನ್ನು ನೆಲ ಮುಟ್ಟುವ ಹೊತ್ತಿಗೇ ಅಂಗೈಯಿಂದ ಮೊಣಕೈವರೆಗಿನ ಇಡೀ ಮುಂಗೈ ಚಾಪೆಗೆ ಬಡಿಯಬೇಕು. ತೋಳು ಪಕ್ಕೆಯಿಂದ ಮೂವತ್ತರಿಂದ ನಲವತ್ತೈದು ಡಿಗ್ರಿಯಷ್ಟು ದೂರ ಇರಬೇಕು. ಅದಕ್ಕಿಂತ ಮೇಲೆ ಹೋದರೆ ಪೆಟ್ಟೆಲ್ಲ ಹೆಗಲ ಕೀಲಿಗೆ. ಎಲ್ಲಕ್ಕಿಂತ ಕೆಟ್ಟದ್ದು ಬೀಳುವಾಗ ಕೈ ಊರುವುದು: ಮಣಿಕಟ್ಟು, ಮೊಣಕೈ, ಕೊರಳೆಲುಬು, ಈ ಮೂರರಲ್ಲಿ ಒಂದು ಹೋಗುತ್ತದೆ. ಪಕ್ಕಕ್ಕೆ ಬೀಳುವಾಗ ಕಾಲಿನ ಮೇಲೆ ಕಾಲು ಬಿದ್ದರೆ ಹರಡಿನ ಮೂಳೆಗಳು ಒಂದಕ್ಕೊಂದು ಬಡಿಯುತ್ತವೆ, ಆದ್ದರಿಂದ ಮೊಣಕಾಲುಗಳ ನಡುವೆ ಜಾಗ ಬಿಡಬೇಕು. ಉಸಿರು ಬಿಗಿಹಿಡಿಯದೆ ಹೊರಗೆ ಬಿಡಬೇಕು.

ಬೀಳುವುದರಲ್ಲಿಯೇ ವಿದ್ಯೆಗಳ ಸ್ವಭಾವ ಬಯಲಾಗುತ್ತದೆ. ಐಕಿಡೊದವರು ಕಿರುಬೆರಳ ಅಂಚಿನಿಂದ ಹೆಗಲ ಮೇಲೆ ಓರೆಯಾಗಿ ಉರುಳಿ ಎದ್ದು ನಿಲ್ಲುತ್ತಾರೆ. ಜೂಡೊದವರು ನೆಲ ಬಡಿದು ಅಲ್ಲೇ ಉಳಿಯುವುದನ್ನು ಚೆನ್ನಾಗಿ ಕಲಿತಿರುತ್ತಾರೆ, ಏಕೆಂದರೆ ಎಸೆದವನು ತೋಳು ಬಿಟ್ಟಿರುವುದಿಲ್ಲ. ನಮ್ಮ ಗರಡಿಯ ಪೈಲ್ವಾನರಿಗೆ ಬೆನ್ನು ಮಣ್ಣಿಗೆ ತಾಗಿದರೆ ಸೋಲು, ಹಾಗಾಗಿ ಗಾಳಿಯಲ್ಲೇ ತಿರುಗಿ ಎದೆ ಕೆಳಗಾಗಿ ಬೀಳುವುದು ಅವರ ಮೈಗೆ ಹತ್ತಿದ ಅಭ್ಯಾಸ. ಕುಸ್ತಿಯಿಂದ ಬಂದವರಿಗೆ ಉಕೆಮಿ ಕಲಿಸುವುದು ಕಷ್ಟವಾಗುವುದೂ ಇದಕ್ಕೇ. ಬಗ್ಗಿಸಿದ ಕೀಲಿನ ವಿರುದ್ಧ ಹಾಗೆ ತಿರುಗಿದರೆ ಕೀಲೇ ಕಳಚುತ್ತದೆ.

ಆಮೇಲೆ ಮಣಿಕಟ್ಟು. ಹಿಡಿತದಲ್ಲಿ ಬಲಹೀನ ಜಾಗ ಹೆಬ್ಬೆರಳಿನ ಕಡೆಯದು: ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂಟಿ. ಬಿಡಿಸಿಕೊಳ್ಳುವವನು ಮೊದಲು ತನ್ನ ಬೆರಳುಗಳನ್ನು ಅಗಲಿಸಬೇಕು. ಆಗ ಮುಂಗೈ ಸ್ನಾಯು ಬಿಗಿದು ಮಣಿಕಟ್ಟು ದಪ್ಪವಾಗುತ್ತದೆ. ನಂತರ ಮೊಣಕೈಯನ್ನು ತನ್ನ ಪಕ್ಕೆಗೆ ತಂದು, ಒಂದು ಹೆಜ್ಜೆ ಒಳಗಿಟ್ಟು, ಮುಂಗೈಯ ತೆಳು ಅಂಚನ್ನು ಆ ಹೆಬ್ಬೆರಳ ಸಂದಿಗೆ ನುಗ್ಗಿಸಬೇಕು. ಹೊಸಬರು ಹೆಗಲಿನಿಂದ ಹಿಂದಕ್ಕೆ ಜಗ್ಗುತ್ತಾರೆ. ಹಿಡಿದವನು ಹತ್ತು ಕೆಜಿ ಹೆಚ್ಚು ತೂಗಿದರೂ ಸಾಕು, ಜಗ್ಗಾಟ ಅಲ್ಲಿಗೇ ನಿಲ್ಲುತ್ತದೆ. ಕೈ ಇದ್ದಲ್ಲೇ ಇರಲಿ, ಮೈ ಅದರ ಹತ್ತಿರ ಹೋಗಲಿ ಎಂಬುದು ಸರಿಯಾದ ದಾರಿ.

ಬಿಡಿಸಿಕೊಂಡ ಕೈಯೇ ಈಗ ಎದುರಾಳಿಯ ಕೈಯನ್ನು ಹಿಡಿಯುತ್ತದೆ. ಕೊತೆ-ಗಾಯೆಶಿ, ಮಣಿಕಟ್ಟನ್ನು ಹೊರಕ್ಕೆ ಮಗುಚುವ ಪಟ್ಟು. ಅವನ ಬಲಗೈ ಎಂದಿಟ್ಟುಕೊಳ್ಳಿ. ನಿಮ್ಮ ಎಡ ಹೆಬ್ಬೆರಳು ಅವನ ಕೈಯ ಹಿಂಭಾಗದಲ್ಲಿ, ಉಂಗುರ ಬೆರಳು ಮತ್ತು ಕಿರುಬೆರಳಿನ ಮೂಳೆಗಳ ನಡುವಿನ ತಗ್ಗಿನಲ್ಲಿ ಕೂರಬೇಕು. ಉಳಿದ ಬೆರಳುಗಳು ಅವನ ಹೆಬ್ಬೆರಳ ಬುಡದ ದಪ್ಪ ಮಾಂಸವನ್ನು ಸುತ್ತಬೇಕು. ಬಲ ಅಂಗೈ ಅವನ ಬೆರಳುಗಳ ಹಿಂಭಾಗವನ್ನು ಮುಚ್ಚಬೇಕು. ಮೊದಲು ಮಣಿಕಟ್ಟನ್ನು ಒಳಕ್ಕೆ ಮಡಿಸಿ, ಆಮೇಲೆ ಎಡಗಾಲು ಹಿಂದಿಟ್ಟು, ಅವನ ಬಲ ಹೆಗಲಿನ ಹೊರಬದಿಗೆ, ಕೆಳಕ್ಕೆ ತಿರುಗಿಸಬೇಕು.

ಇಲ್ಲಿ ತಪ್ಪುವುದು ಹೆಚ್ಚಾಗಿ ಮೂರು ಕಡೆ. ಮಡಿಸದೆ ಬರೀ ತಿರುಚಿದರೆ ಇಡೀ ಮುಂಗೈ ಮೊಣಕೈಯಿಂದ ಉರುಳಿಬಿಡುತ್ತದೆ, ಕೀಲಿಗೆ ಒತ್ತಡವೇ ಬೀಳುವುದಿಲ್ಲ. ಅವನ ತೋಳು ನೇರವಾಗಿದ್ದರೂ ಇದೇ ಗತಿ, ಮೊಣಕೈ ಮಡಿದಿರಲೇಬೇಕು. ಹಿಡಿದ ಕೈಗಳು ನಿಮ್ಮ ಹೊಕ್ಕುಳಿನ ಮುಂದೆ ಇಲ್ಲದೆ ಬದಿಗೆ ಸರಿದರೆ ತೋಳಿನ ಬಲ ಮಾತ್ರ ಉಳಿಯುತ್ತದೆ, ಸೊಂಟದ ಬಲ ಸೇರುವುದಿಲ್ಲ. ಇವೆಲ್ಲ ಸರಿಯಿದ್ದೂ ಎಚ್ಚರವಾಗಿರುವ ಎದುರಾಳಿ ಮುಷ್ಟಿ ಬಿಗಿದರೆ ಪಟ್ಟು ಕೂರುವುದಿಲ್ಲ. ಅದಕ್ಕೇ ಹಳೆಯ ಸಂಪ್ರದಾಯಗಳಲ್ಲಿ ಪಟ್ಟಿಗೆ ಮುಂಚೆ ಅತೆಮಿ ಇರುತ್ತದೆ, ಮುಖಕ್ಕೋ ಪಕ್ಕೆಗೋ ಒಂದು ಹೊಡೆತ. ಅದರಿಂದ ಅವನು ಬೀಳಬೇಕಿಲ್ಲ, ಕಣ್ಣು ಮುಚ್ಚಿ ಕೈ ಸಡಿಲವಾದರೆ ಸಾಕು. ಅತೆಮಿ ಬಿಟ್ಟು ಕೊತೆ-ಗಾಯೆಶಿ ಕಲಿಸುವವರು ಕಲಿಸುತ್ತಿರುವುದು ಪಟ್ಟಿನ ಉತ್ತರಾರ್ಧವನ್ನು ಮಾತ್ರ.

ಇದೇ ಹೆಸರಿನ ಪಟ್ಟು ಐಕಿಡೊದಲ್ಲೂ ಉಂಟು. ಅದರ ಸ್ಥಾಪಕ ಉಎಶಿಬಾ ಮೊರಿಹೆಯಿ 1915ರಲ್ಲಿ ಹೊಕ್ಕೈಡೊದಲ್ಲಿ ದೈತೊ ಎಂಬ ಜುಜುತ್ಸು ಸಂಪ್ರದಾಯದ ತಾಕೆದಾ ಸೊಕಾಕುವಿನಿಂದ ಕಲಿಯಲು ಆರಂಭಿಸಿದರು, ಪಟ್ಟುಗಳ ಎಲುಬುಗೂಡು ಅಲ್ಲಿಂದಲೇ ಬಂದದ್ದು. ಐಕಿಡೊ ಅದನ್ನು ದೊಡ್ಡ ವೃತ್ತವಾಗಿ ಹಿಗ್ಗಿಸಿತು. ಬೀಳುವವನು ಕೀಲು ಉಳಿಸಿಕೊಳ್ಳಲು ತಾನೇ ಹಾರಿ ಮಗುಚುತ್ತಾನೆ. ನೋಡಲು ಬಹಳ ಚೆಂದ, ಆದರೆ ಹಾರಲು ಗೊತ್ತಿಲ್ಲದವನು ಹಾರುವುದಿಲ್ಲ, ನಿಂತಲ್ಲೇ ಕುಸಿಯುತ್ತಾನೆ ಅಥವಾ ಕೈ ಕಿತ್ತುಕೊಳ್ಳುತ್ತಾನೆ. ಜೂಡೊ ಸ್ಪರ್ಧೆಯಲ್ಲಿ ಮೊಣಕೈ ಬಿಟ್ಟು ಬೇರೆ ಕೀಲಿಗೆ ಪಟ್ಟು ಹಾಕುವಂತಿಲ್ಲ. ಜೂಡೊದ ಮೂಲ ಶಾಲೆಯಾದ ಕೊದೊಕಾನ್ 1956ರಲ್ಲಿ ರೂಪಿಸಿದ ಆತ್ಮರಕ್ಷಣೆಯ ಕತಾದಲ್ಲಿ (ಕತಾ ಎಂದರೆ ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮಾಡುವ ಅಭ್ಯಾಸ) ಮಾತ್ರ ಮಣಿಕಟ್ಟಿನ ಪಟ್ಟುಗಳು ಉಳಿದಿವೆ. ಬ್ರೆಜಿಲಿಯನ್ ಶೈಲಿಯ ಸ್ಪರ್ಧೆಗಳಲ್ಲಿ ಬಿಳಿ ಸೊಂಟಪಟ್ಟಿಯ ಹೊಸಬರಿಗೆ ಅದು ನಿಷಿದ್ಧ, ನೀಲಿ ಪಟ್ಟಿಯಿಂದ ಅನುಮತಿ.

ಎಸೆತಕ್ಕೆ ಬಂದಾಗ ಅಭ್ಯಾಸದ ಬಿಸಿ ಏರುತ್ತದೆ. ಒ-ಸೊತೊ-ಗಾರಿ ತೆಗೆದುಕೊಳ್ಳಿ, ಎದುರಾಳಿಯ ಕಾಲನ್ನು ಹೊರಗಿನಿಂದ ಕುಡುಗೋಲಿನಂತೆ ಕೊಯ್ಯುವ ಎಸೆತ. ಜೂಡೊದಲ್ಲಿ ಒಂದು ಕೈ ತೋಳಿನ ಬಟ್ಟೆಯಲ್ಲಿ, ಇನ್ನೊಂದು ಕೊರಳಪಟ್ಟಿಯಲ್ಲಿ. ಹಲವು ಜುಜುತ್ಸು ಶಾಲೆಗಳಲ್ಲಿ ಕೊರಳಪಟ್ಟಿಯ ಬದಲು ಅಂಗೈ ನೇರ ಗದ್ದಕ್ಕೆ ಹೋಗುತ್ತದೆ. ತಲೆ ಹಿಂದಕ್ಕೆ ಹೋದ ಮೇಲೆ ಮೈ ನಿಲ್ಲುವುದಿಲ್ಲ, ಎಸೆತ ಸುಲಭ. ಆದರೆ ಗದ್ದಕ್ಕೆ ಒತ್ತು ಕೊಟ್ಟು ಪೂರ್ತಿ ವೇಗದಲ್ಲಿ ಎಸೆದರೆ ಬೀಳುವವನ ತಲೆಯ ಹಿಂಭಾಗ ಮೊದಲು ನೆಲಕ್ಕೆ ಬರುತ್ತದೆ. ಹಾಗಾಗಿ ಅಭ್ಯಾಸದಲ್ಲಿ ನಿಧಾನವಾಗಿ ಮಾಡಲೇಬೇಕು, ಒಬ್ಬ ಎಸೆಯಬೇಕು, ಇನ್ನೊಬ್ಬ ಒಪ್ಪಿ ಬೀಳಬೇಕು.

ಜುಜುತ್ಸುವಿನ ದೊಡ್ಡ ಇಕ್ಕಟ್ಟು ಇರುವುದು ಇಲ್ಲೇ. ತೆಂಜಿನ್ ಶಿನ್ಯೊ ಮತ್ತು ಕಿತೊ ಎಂಬ ಎರಡು ಜುಜುತ್ಸು ಸಂಪ್ರದಾಯಗಳನ್ನು ಕಲಿತಿದ್ದ, ಜೂಡೊದ ಸ್ಥಾಪಕ ಕಾನೊ ಜಿಗೊರೊ 1882ರಲ್ಲಿ ಟೋಕಿಯೊದ ಎಯಿಶೊಜಿ ದೇವಾಲಯದಲ್ಲಿ ಕೊದೊಕಾನ್ ತೆರೆದಾಗ ಈ ಗಂಟನ್ನೇ ಬಿಚ್ಚಿದರು. ಅಪಾಯದ ಪಟ್ಟುಗಳನ್ನು ಕತಾಕ್ಕೆ ಸೀಮಿತಗೊಳಿಸಿ, ಉಳಿದವನ್ನು ಇಬ್ಬರೂ ಪೂರ್ಣ ಬಲದಿಂದ ಸೆಣಸುವ ರಂದೋರಿಯಲ್ಲಿ ತಿಕ್ಕಿ ಹದಗೊಳಿಸಿದರು. ಒಂದು ಎಸೆತವನ್ನು ಒಲ್ಲದ ಮೈಯ ಮೇಲೆ ಸಾವಿರ ಸಲ ಪ್ರಯತ್ನಿಸಿದವನು, ಹತ್ತು ಮಾರಕ ಪಟ್ಟುಗಳನ್ನು ಒಪ್ಪಿ ಬೀಳುವ ಜೊತೆಗಾರನ ಮೇಲೆ ಮಾತ್ರ ಮಾಡಿದವನಿಗಿಂತ ಗಟ್ಟಿಗ. ಜುಜುತ್ಸುವನ್ನು ಪ್ರೀತಿಸುವವರು ಇದನ್ನು ಒಪ್ಪಿಕೊಳ್ಳಲೇಬೇಕು. ರಂದೋರಿ ಇಲ್ಲದ ಜುಜುತ್ಸು ಶಾಲೆಗೆ ಸೇರಬೇಡಿ ಎಂದೇ ನನ್ನ ಸಲಹೆ.

ಜೂಡೊ ಕೂಡ ಇದಕ್ಕೆ ಬೆಲೆ ತೆತ್ತಿದೆ. 2010ರಿಂದ ನಿಯಮ ಬಿಗಿಯಾಗುತ್ತ ಬಂದು, 2013ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕೈಯಿಂದ ಕಾಲು ಹಿಡಿಯುವುದಕ್ಕೇ ಅವಕಾಶವಿಲ್ಲ. ಕಾಲು ಹಿಡಿಯುವುದೇ ಪಂಚಪ್ರಾಣವಾದ ಕುಸ್ತಿಯವರ ಎದುರು ಬರೀ ಸ್ಪರ್ಧೆಯ ಜೂಡೊ ಕಲಿತವನು ತಡವರಿಸುವುದು ಸಹಜ.

ಕೆಳಗೆ ಬಿದ್ದ ಮೇಲೆ ಏನು ಎನ್ನುವುದು ಇನ್ನೂ ಸ್ವಾರಸ್ಯದ ವಿಷಯ. ಬೆನ್ನ ಮೇಲೆ ಮಲಗಿದ ಮನುಷ್ಯ, ಅವನ ಮೇಲೆ ಇನ್ನೊಬ್ಬ. ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿದವು ಅಂದರೆ ಚಿತ್, ಆಟ ಮುಗಿಯಿತು. ಜೂಡೊದಲ್ಲಿ ಅವನನ್ನು ಇಪ್ಪತ್ತು ಸೆಕೆಂಡು ಅದುಮಿ ಹಿಡಿದರೆ ಪೂರ್ಣ ಗೆಲುವು. ಬ್ರೆಜಿಲಿಯನ್ ಶೈಲಿಯಲ್ಲಿ ಕೆಳಗಿರುವವನ ಕೈಯಲ್ಲೇ ಗೆಲುವಿನ ಕೀಲಿಕೈ ಇರಬಹುದು. ಕಾಲುಗಳಿಂದ ಮೇಲಿನವನ ಸೊಂಟ ಸುತ್ತಿ, ಅಲ್ಲಿಂದಲೇ ಕತ್ತು ಹಿಸುಕಿ ಕೈ ಮುರಿಯುವಷ್ಟು ಆ ಸ್ಥಾನವನ್ನು ಅವರು ಬೆಳೆಸಿದ್ದಾರೆ. ಕೊದೊಕಾನ್‌ನ ಮಾಎದಾ ಮಿತ್ಸುಯೊ 1914ರಲ್ಲಿ ಬ್ರೆಜಿಲ್‌ಗೆ ಹೋಗಿ ನೆಟ್ಟ ಬೀಜ ಅದು. ಅದೇ ಬಳಗದ ಎಲಿಯೊ ಗ್ರೇಸಿಯನ್ನು 1951ರಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಜೂಡೊಪಟು ಕಿಮುರಾ ಮಸಾಹಿಕೊ ಸೋಲಿಸಿದ್ದು ಉದೆ-ಗರಾಮಿ ಎಂಬ ತೋಳು ತಿರುಚುವ ಪಟ್ಟಿನಿಂದ. ಬ್ರೆಜಿಲಿನವರು ಆ ಪಟ್ಟಿಗೆ ಗೆದ್ದವನ ಹೆಸರನ್ನೇ ಇಟ್ಟು ಇಂದಿಗೂ ಕಿಮುರಾ ಎನ್ನುತ್ತಾರೆ.

ಜುಜುತ್ಸುವಿನ ಕತಾಗಳಲ್ಲಿ ಬಿದ್ದವನನ್ನು ಬೋರಲು ಹಾಕಿ, ತೋಳು ಬೆನ್ನಿಗೆ ತಂದು, ಒಂದು ಮೊಣಕಾಲಿನಿಂದ ಒತ್ತಿ ಮುಗಿಸುವುದು ಹೆಚ್ಚು. ಬೋರಲು ಬಿದ್ದವನ ಕೈ ತನ್ನ ಗಿಡ್ಡ ಕತ್ತಿಗೆ ಸುಲಭವಾಗಿ ಹೋಗುವುದಿಲ್ಲ. ಮೇಲಿನವನ ಒಂದು ಕೈ ಹಗ್ಗಕ್ಕೋ ಆಯುಧಕ್ಕೋ ಖಾಲಿ ಉಳಿಯುತ್ತದೆ, ಎರಡನೆಯ ಶತ್ರು ಬಂದರೆ ಎದ್ದು ನಿಲ್ಲಲೂ ಆಗುತ್ತದೆ. ಆಯುಧದ ಎಣಿಕೆ ತೆಗೆದುಬಿಟ್ಟರೆ ಈ ಮುಕ್ತಾಯಕ್ಕೆ ಅರ್ಥ ಕಡಿಮೆ. ಕನ್ನಡ ನಾಡಿನಲ್ಲಿ ಇದಕ್ಕೆ ಹತ್ತಿರದ್ದನ್ನು ಹುಡುಕುವುದಾದರೆ ಗರಡಿ ಕುಸ್ತಿಗಿಂತ ಮೈಸೂರು ಜಟ್ಟಿಗಳ ವಜ್ರಮುಷ್ಟಿಯನ್ನು ನೋಡಬೇಕು. ದಸರೆಯ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಆ ಕಾಳಗದಲ್ಲಿ ಬಲಗೈಯಲ್ಲಿ ಮೊನೆಯುಳ್ಳ ಆಯುಧ ಇರುತ್ತದೆ, ತಲೆಯಿಂದ ರಕ್ತ ಚಿಮ್ಮಿದರೆ ಪಂದ್ಯ ಮುಗಿಯಿತು. ಆಯುಧ ಹಿಡಿದ ಕೈಯನ್ನು ತಡೆಯದೆ ಅಲ್ಲಿ ಯಾರೂ ಒಳಗೆ ನುಗ್ಗುವುದಿಲ್ಲ.

ಕತ್ತು ಹಿಸುಕುವ ಪಟ್ಟುಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಹಿಂದಿನಿಂದ ಹಾಕುವ ಹದಾಕಾ-ಜಿಮೆಯಲ್ಲಿ ಮೊಣಕೈಯ ಮಡಿಕೆ ಎದುರಾಳಿಯ ಗದ್ದದ ನೇರಕ್ಕೆ ಇರಬೇಕು. ಆಗ ತೋಳು ಮತ್ತು ಮುಂಗೈ ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತುತ್ತವೆ, ಗಂಟಲಿಗೆ ಏನೂ ಆಗುವುದಿಲ್ಲ. ಮಣಿಕಟ್ಟಿನ ಮೂಳೆ ಗಂಟಲ ಮೇಲೆ ಬಂದರೆ ಪಟ್ಟು ತಪ್ಪಿದೆ ಎಂದರ್ಥ, ನೋವೂ ಜಾಸ್ತಿ, ಗಾಯವೂ ಆಗುತ್ತದೆ. ಸರಿಯಾಗಿ ಕೂತರೆ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಆದ್ದರಿಂದ ಸೋಲೊಪ್ಪಿ ಎರಡು ಸಲ ತಟ್ಟಿದ ಕ್ಷಣ ಬಿಡಬೇಕು, ತಟ್ಟದೆಯೇ ಕೈ ಸಡಿಲವಾದರೂ ಬಿಡಬೇಕು. ಪ್ರಜ್ಞೆ ತಪ್ಪಿದವನನ್ನು ಮಲಗಿಸಿ ಉಸಿರು ನೋಡಿ. ಬಿಟ್ಟ ಮೇಲೆ ಅರ್ಧ ನಿಮಿಷದೊಳಗೆ ಎಚ್ಚರವಾಗದಿದ್ದರೆ, ಅಥವಾ ಎಚ್ಚರವಾದ ಮೇಲೆ ದನಿ ಬದಲಾಗಿದ್ದರೆ, ನುಂಗಲು ನೋವಾದರೆ, ಆಸ್ಪತ್ರೆಗೇ ಹೋಗಬೇಕು. ಆ ದಿನ ಅವನಿಗೆ ಮತ್ತೆ ಅಭ್ಯಾಸವಿಲ್ಲ.

ಕೊನೆಯ ಅರ್ಧ ಗಂಟೆ ಮರದ ಚಾಕು, ಸುಮಾರು ಮೂವತ್ತು ಸೆಂಟಿಮೀಟರ್ ಉದ್ದದ್ದು. ಕತಾದಲ್ಲಿ ತಿವಿದವನು ತೋಳು ಚಾಚಿದಂತೆಯೇ ನಿಲ್ಲುತ್ತಾನೆ, ಎದುರಿನವನು ಮಣಿಕಟ್ಟು ಹಿಡಿದು ಮಗುಚುತ್ತಾನೆ. ದಾರಿ ಕಲಿಯಲು ಅದು ಬೇಕು, ಆದರೆ ಅಲ್ಲಿಗೇ ನಿಲ್ಲಿಸುವುದು ಅಪಾಯ. ಚಾಕು ಹಿಡಿದವನು ತಿವಿದ ಕೈಯನ್ನು ತಕ್ಷಣ ಹಿಂದೆಳೆದು ಮತ್ತೆ ಮತ್ತೆ ತಿವಿಯುತ್ತಾನೆ, ಇನ್ನೊಂದು ಕೈಯಿಂದ ನಿಮ್ಮ ಅಂಗಿ ಹಿಡಿದಿರುತ್ತಾನೆ. ಆದ್ದರಿಂದ ಒಳ್ಳೆಯ ಶಾಲೆಗಳಲ್ಲಿ ಎರಡನೆಯ ಹಂತದಲ್ಲಿ ಜೊತೆಗಾರನಿಗೆ ಕೈ ಹಿಂದೆಳೆಯಲು ಹೇಳುತ್ತಾರೆ. ಆಗ ಮಣಿಕಟ್ಟನ್ನು ಗಾಳಿಯಲ್ಲಿ ಹಿಡಿಯುವುದು ಕೈಗೂಡುವುದಿಲ್ಲ. ಮುಂಗೈ ಮತ್ತು ಮೊಣಕೈಯನ್ನು ಎರಡೂ ತೋಳಿನಿಂದ ತನ್ನ ಎದೆಗೆ ಅಪ್ಪಿ, ಅತೆಮಿ ಕೊಟ್ಟು, ತೋಳು ನಿಂತ ಮೇಲೆಯೇ ಮಣಿಕಟ್ಟಿಗೆ ಇಳಿಯಬೇಕು. ಮೂರನೆಯ ಹಂತದಲ್ಲಿ ಮರದ ಅಲಗಿಗೆ ಸೀಮೆಸುಣ್ಣ ಬಳಿದು ಅಭ್ಯಾಸ ಮಾಡಿದರೆ ಬಟ್ಟೆಯ ಮೇಲಿನ ಬಿಳಿ ಗೆರೆಗಳು ತಾವೇ ಲೆಕ್ಕ ಹೇಳುತ್ತವೆ. ಬಾಗಿಲು ಹತ್ತಿರವಿದ್ದರೆ ಓಡಿ ಎಂದು ಕಲಿಸುವುದೂ ಈ ಪಾಠದ ಭಾಗವೇ.

ಅಭ್ಯಾಸ ಮುಗಿದ ಮೇಲೆ ಮಣಿಕಟ್ಟಿನ ಕಿರುಬೆರಳ ಕಡೆ, ಎಲುಬಿನ ಉಬ್ಬಿನ ಪಕ್ಕದಲ್ಲಿ ಒತ್ತಿ ನೋಡಿಕೊಳ್ಳಬೇಕು. ಅಲ್ಲಿ ಚುಚ್ಚಿದಂತೆ ನೋವಿದ್ದರೆ, ಬಾಗಿಲ ಹಿಡಿ ತಿರುಗಿಸುವಾಗ ಅದು ಹೆಚ್ಚಾದರೆ, ಕೀಲಿನೊಳಗಿನ ಮೃದ್ವಸ್ಥಿಗೆ ಪೆಟ್ಟಾಗಿರಬಹುದು. ಕೊತೆ-ಗಾಯೆಶಿಯನ್ನು ತಡವಾಗಿ ತಟ್ಟುವವರಿಗೆ ಬರುವ ಗಾಯ ಇದು. ಬಟ್ಟೆ ಸುತ್ತಿದ ಮಂಜುಗಡ್ಡೆ ಹದಿನೈದು ನಿಮಿಷ ಇಟ್ಟು, ನೋವು ಹೋಗುವ ತನಕ ಆ ಕೈಗೆ ಮಣಿಕಟ್ಟಿನ ಪಟ್ಟು ಹಾಕಿಸಿಕೊಳ್ಳದೆ, ಉಕೆಮಿ ಮತ್ತು ಹೆಜ್ಜೆಗಳ ಅಭ್ಯಾಸವನ್ನಷ್ಟೇ ಮುಂದುವರಿಸಬಹುದು. ಎರಡು ವಾರವಾದರೂ ಹೋಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಬೇಕು.